ಗುಡ್ಲಿನ ಕೂಸಿಗೆ ಹೆಸರು

ಹರಿಯಬ್ಬೆ
11-2-1974

ಮಾನ್ಯ ತಿಮ್ಮರಾಯಪ್ಪನವರಿಗೆ,

ನಾನು ಓಬಮ್ಮ, ಹರಿಯಬ್ಬೆಯ ಬಾಲವಾಡಿ ಶಿಕ್ಷಕಿ. ದೀಪಾವಳಿ ಕಳೆದ ಮೇಲೆ ಚಿತ್ರದುರ್ಗದಲ್ಲಿ ನಡೆದ ತರಬೇತಿ ಶಿಬಿರದಲ್ಲಿ ನೀವು ಮನೋವೇದನೆಯ ಬಗ್ಗೆ ಮಾತಾಡಿದಿರಿ. ಹಿಂದಿನ ಸಾಲಿನಿಂದ ಎದ್ದು, "ಹೊಟ್ಟೆಗಿಲ್ಲದವರಿಗೆ ಮನೋವೇದನೆ ಯಾವುದು ಸಾರ್, ಹಸಿವೇ ವೇದನೆ" ಎಂದವಳು ನಾನೇ. ಎಲ್ಲರೂ ನಕ್ಕರು. ನೀವು ನಗಲಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಕ್ಷೇಮ ಸಮಾಚಾರ ಬರೆದು ಕಾಗದ ಹಾಳು ಮಾಡುವುದಿಲ್ಲ.

ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಕುರಿ ಕಾಯುವವರ ಒಂದು ಹಟ್ಟಿ ಇದೆ. ಅಲ್ಲಿ ಹೆರಿಗೆಯಾದ ಹೆಂಗಸು ಕೂಸಿನೊಂದಿಗೆ ಹಟ್ಟಿಯ ಬೇಲಿಯಾಚೆ ಗುಡ್ಲಿನಲ್ಲಿ ಇರಬೇಕು. ಗುಡ್ಲು ಎಂದರೆ ಸೋಗೆ ಹೊದಿಸಿದ ನಾಲ್ಕು ಕಡ್ಡಿ. ಸೂತಕ ಕಳೆದು ಒಳಗೆ ಬಂದ ಮೇಲೆಯೇ ಕೂಸಿಗೆ ಹೆಸರು, ತೊಟ್ಟಿಲು. ಈ ಸಂಕ್ರಾಂತಿಯ ಚಳಿಯಲ್ಲಿ ಒಂದು ಹೆಣ್ಣು ಕೂಸು ಆ ಗುಡ್ಲಿನಲ್ಲೇ ಕೆಮ್ಮಿ ಕೆಮ್ಮಿ ಸತ್ತಿತು. ಒಳಕ್ಕೆ ಬರದ ಕೂಸು ಹಟ್ಟಿಯ ಕೂಸಲ್ಲ. ಅದಕ್ಕಾಗಿ ಅಳುವ ಹಾಗಿಲ್ಲ. ತಾಯಿ ತಲೆಗೆ ನೀರು ಹಾಕಿಕೊಂಡು, "ನನಗೆ ಕೂಸಿಲ್ಲ" ಎಂದು ಹೇಳಿ ಒಳಗೆ ಬರಬೇಕು. ಬಂದು ರಾಗಿ ಬೀಸಬೇಕು.

ಬೀಸುತ್ತಿದ್ದಾಳೆ. ಹಾಲು ಕಟ್ಟಿ ಎದೆ ಕಲ್ಲಾಗಿ, ರವಿಕೆ ನೆನೆದು, ಆದರೂ ಬೀಸುತ್ತಿದ್ದಾಳೆ. ಮಾತಿಲ್ಲ. ತುತ್ತು ಗಂಟಲಿಗೆ ಇಳಿಯುವುದಿಲ್ಲ. ಗಂಡ ಎತ್ತಪ್ಪ ಕುರಿ ಹೊಡೆದುಕೊಂಡು ಭದ್ರಾ ಕಾಲುವೆಯ ಗದ್ದೆಗಳ ಕಡೆ ಹೋಗಿದ್ದಾನೆ, ಮುಂಗಾರಿಗೆ ಹಿಂತಿರುಗುತ್ತಾನೆ. ಅತ್ತೆ ಮುದ್ದಕ್ಕ ಹೇಳುವುದು ಇಷ್ಟೆ: "ಬಾರದ್ದು ಬರ್ಲಿಲ್ಲ, ಹೋತು. ಕುರಿ ತಿರುಗೋ ಹೊತ್ತಿಗೆ ಇವ್ಳು ಸರಿಹೋಗ್ಲಿಲ್ಲ ಅಂದ್ರೆ ನನ್ ಮಗನಿಗೆ ಇನ್ನೊಂದು ಹೆಣ್ಣು ತರ್ತೀನಿ."

ನನ್ನಲ್ಲಿ ಮೂಢನಂಬಿಕೆಯ ಬಗ್ಗೆ, ಸ್ತ್ರೀ ವಿಮೋಚನೆಯ ಬಗ್ಗೆ, ದುಡಿಯುವವರ ಹಕ್ಕಿನ ಬಗ್ಗೆ ಕಿರುಹೊತ್ತಗೆಗಳಿವೆ. ಒಂದೊಂದನ್ನೂ ಬಾಯಿಪಾಠವಾಗುವಷ್ಟು ಓದಿದ್ದೇನೆ. ಒಂದರಲ್ಲೂ ಇದಕ್ಕೆ ಮದ್ದಿಲ್ಲ. ನೋವು ಹೋಗಲಾಡಿಸುವ ಉಪಾಯ ಬರೆಯಿರಿ. ಬೇಗ.

ಓಬಮ್ಮ

*

ಚಿತ್ರದುರ್ಗ
19-2-1974

ತಂಗಿ ಓಬಮ್ಮನಿಗೆ,

ನಿನ್ನ ಪ್ರಶ್ನೆ ನೆನಪಿದೆ. ನಾನು ನಗದಿದ್ದುದು ದೊಡ್ಡತನದಿಂದಲ್ಲ, ಉತ್ತರ ಹೊಳೆದಿರಲಿಲ್ಲ.

ಮೊದಲು ಎದೆಯ ಹಾಲಿನ ವಿಷಯ. ಹಿರಿಯೂರಿನಿಂದ ನರ್ಸಮ್ಮನನ್ನು ಕರೆಸು. ಜ್ವರ ಬಂದರೆ ಒಂದು ದಿನವೂ ತಡಮಾಡಬೇಡ. ನಾನು ಡಾಕ್ಟರಲ್ಲ, ಡಾಕ್ಟರ ಪಕ್ಕದ ಕೋಣೆಯಲ್ಲಿ ಕುಳಿತು, ಮಾತ್ರೆಗೆ ಬಗ್ಗದ ನೋವಿನವರ ಮಾತು ಕೇಳುವವನು.

ನೋವು ಹೋಗಲಾಡಿಸುವ ಉಪಾಯ ನನ್ನಲ್ಲಿಲ್ಲ. ಇದ್ದಿದ್ದರೆ ಕೋಟೆಯ ಬಾಗಿಲಲ್ಲಿ ಅಂಗಡಿ ಇಟ್ಟು ಕೂರುತ್ತಿದ್ದೆ. ಬೆಂಗಳೂರಿನ ತರಬೇತಿಯಲ್ಲಿ ನಾನು ಕಲಿತದ್ದು ಬೇರೆ. ಜಪಾನಿನ ಒಬ್ಬ ವೈದ್ಯರು ಕಂಡುಕೊಂಡ ದಾರಿ ಅದು. ನೋವನ್ನು ಓಡಿಸಲು ಹೋದಷ್ಟೂ ಅದು ಕಂಬ ತಬ್ಬಿಕೊಂಡು ನಿಲ್ಲುತ್ತದೆ. ಆದ್ದರಿಂದ ಓಡಿಸಬೇಡ. ಬಂದಿದೆ, ಇರಲಿ, ಅದಕ್ಕೂ ಕೂರಲು ಒಂದಿಷ್ಟು ಜಾಗ ಕೊಡು. ಅದು ಅಲ್ಲಿ ಕುಳಿತಿರುವಾಗಲೇ ಕೈ ಎದುರಿನ ಕೆಲಸ ಮಾಡಲಿ. ನಿನ್ನ ಹಟ್ಟಿಯವರು ಆ ಹೆಂಗಸಿಗೆ ಕೆಲಸ ಕೊಟ್ಟಿದ್ದಾರೆ, ಜಾಗ ಕೊಟ್ಟಿಲ್ಲ.

ಹೋಗಿ ಅವಳ ಪಕ್ಕ ಕುಳಿತುಕೋ. ಸಮಾಧಾನ ಹೇಳಬೇಡ. 'ಅಳಬೇಡ' ಎನ್ನಬೇಡ, 'ಅಳು' ಎಂದೂ ಎನ್ನಬೇಡ. ಎಲ್ಲಿ ನೋಯುತ್ತದೆ ಎಂದು ಕೇಳು. ಅವಳು ತೋರಿಸಿದ ಕಡೆ ನೀನೂ ನೋಡು. ಸದ್ಯಕ್ಕೆ ಅಷ್ಟೇ ಸಾಕು.

ತಿಮ್ಮರಾಯಪ್ಪ

*

ಹರಿಯಬ್ಬೆ
3-3-1974

ಮಾನ್ಯರೇ,

ನಿಮ್ಮ ಪತ್ರ ಓದಿ ಮೈ ಉರಿಯಿತು. ಜಾಗ ಕೊಡು, ಇರಲಿ ಬಿಡು, ಒಪ್ಪಿಕೋ! ಹಟ್ಟಿಯ ಹೆಂಗಸರು ಹುಟ್ಟಿದಾಗಿನಿಂದ ಒಪ್ಪಿಕೊಂಡೇ ಬಂದಿದ್ದಾರೆ. ಪೂಜಾರಿ ಕಾಟಯ್ಯ ಅದನ್ನು ಹಣೆಬರಹ ಎನ್ನುತ್ತಾನೆ, ನೀವು ಜಪಾನಿನ ಹೆಸರು ಹೇಳುತ್ತೀರಿ. ಕೂಸು ಸತ್ತದ್ದು ಹಣೆಬರಹದಿಂದಲ್ಲ, ಗುಡ್ಲಿನ ಚಳಿಯಿಂದ. ಅದನ್ನು ಒಪ್ಪಿಕೊಳ್ಳುವ ಔಷಧ ನಮಗೆ ಬೇಡ. ಆ ಗುಡ್ಲಿಗೆ ಬೆಂಕಿ ಇಡುವ ಔಷಧವಿದ್ದರೆ ಬರೆಯಿರಿ.

ಆದರೂ ಹೋಗಿ ಕುಳಿತೆ. ಬೇರೆ ದಾರಿ ತಿಳಿಯದೆ. ನರ್ಸಮ್ಮ ಬಂದು ಎದೆ ನೋಡಿ ಔಷಧ ಕೊಟ್ಟು ಹೋದಳು, ಈಗ ಜ್ವರವಿಲ್ಲ.

ಮುದ್ದಕ್ಕ ಜಗುಲಿಯಿಂದಲೇ ಶುರು ಮಾಡಿದಳು. "ಏನೇ ಓಬಿ, ಬಾಲವಾಡಿ ಮಕ್ಳ ಮೂಗು ಒರಸೋದು ಬಿಟ್ಟು ಇಲ್ಲಿ ಯಾರ ಮೂಗು ಒರಸಾಕೆ ಬಂದೆ?"

"ನಿಂದೇನಾದ್ರೂ ಸೋರ್ತಾ ಐತಾ, ಒರಸ್ಲಾ?" ಎಂದೆ.

"ನಾಲ್ಗೆ ನೋಡು. ಹಾಸ್ಟೆಲ್ ಅನ್ನ ತಿಂದ ನಾಲ್ಗೆ. ಕುಂತ್ಕ, ಆದ್ರೆ ಅವ್ಳ ಕೈ ಬೀಸೋಕಲ್ಲು ಬಿಡ್ಬಾರ್ದು."

ಬೀಸುವ ಕಲ್ಲಿನ ಪಕ್ಕ ಕುಳಿತು ಕೇಳಿದೆ, ಎಲ್ಲಿ ನೋಯ್ತೈತೆ ಅಂತ. ನಾನು ಎದೆ ತೋರಿಸುತ್ತಾಳೆ ಅಂದುಕೊಂಡಿದ್ದೆ. ಅವಳು ಎಡಗೈ ಚಾಚಿ ಮೊಣಕೈಯ ಒಳಮಗ್ಗುಲು ತೋರಿಸಿದಳು. ಕೂಸಿನ ತಲೆ ಇಡುವ ಜಾಗ. "ಇಲ್ಲಿ ಹಗುರ ಆಗೈತೆ. ಹಗುರಾಗಿದ್ದು ನೋಯ್ತೈತೆ" ಎಂದಳು. ನೀರು ಹಾಕಿಕೊಂಡು ಒಳಗೆ ಬಂದ ಮೇಲೆ ಅವಳು ಆಡಿದ ಮೊದಲ ಮಾತು ಅದು.

ನೀವು ಹೇಳಿದಂತೆ ನಾನೂ ಆ ಕೈ ನೋಡಿದೆ. ನೋಡಿ ಏನು ಮಾಡಬೇಕು ಎಂದು ನೀವು ಬರೆದಿಲ್ಲ.

ಓಬಮ್ಮ

*

ಹೊಳಲ್ಕೆರೆ
15-3-1974

ತಂಗಿ ಓಬಮ್ಮನಿಗೆ,

ಒಂದು ಕೆಲಸದ ಮೇಲೆ ಹೊಳಲ್ಕೆರೆಗೆ ಬಂದಿದ್ದೇನೆ. ಕೆಲವು ವಾರ ಇದೇ ವಿಳಾಸ.

ಗುಡ್ಲನ್ನು ಒಪ್ಪಿಕೋ ಎಂದು ನಾನು ಬರೆಯಲಿಲ್ಲ. ಗುಡ್ಲಿನ ಮೇಲೆ ನಿನಗೆ ಸಿಟ್ಟಿರಲಿ, ನನಗೂ ಇದೆ. ಒಪ್ಪಿಕೊಳ್ಳಬೇಕಾದದ್ದು ಎರಡೇ: ಕೂಸು ಸತ್ತಿದೆ, ಅದಕ್ಕೆ ನೋಯುತ್ತದೆ. ಅನ್ಯಾಯದ ಜೊತೆ ಹೋರಾಡಬಹುದು, ಹೋರಾಡಬೇಕು. ನೋವಿನ ಜೊತೆ ಹೋರಾಡಿದರೆ ಅದು ಕುಸ್ತಿಯಲ್ಲಿ ನಮ್ಮನ್ನೇ ಕೆಡವುತ್ತದೆ. ಇವೆರಡನ್ನೂ ಒಂದೇ ಬಾಣಲೆಗೆ ಹಾಕಬೇಡ.

ನೋಡಿ ಏನು ಮಾಡಬೇಕು ಎಂದು ಕೇಳಿದ್ದೀಯ. ಏನೂ ಮಾಡಬಾರದು. ಕಷ್ಟ ಇರುವುದೇ ಅಲ್ಲಿ.

ಒಂದು ಮಾತು ಕೇಳಲೇ? ರವಿಕೆ ನೆನೆದದ್ದು, ಮೊಣಕೈಯ ಹಗುರ, ಇಷ್ಟು ಹತ್ತಿರದಿಂದ ಪಕ್ಕದವರು ಬರೆಯುವುದು ಅಪರೂಪ. ನನ್ನ ಕೋಣೆಗೆ ಬರುವವರಲ್ಲಿ ಅರ್ಧ ಜನ 'ನಮ್ಮ ಕಡೆಯವರೊಬ್ಬರಿಗೆ' ಎಂದೇ ಮಾತು ತೆಗೆಯುತ್ತಾರೆ. ಆ ಹೆಂಗಸಿನ ಹೆಸರನ್ನು ನೀನು ಈತನಕ ಬರೆದಿಲ್ಲ. ಅವಳು ನೀನೇ ಆಗಿದ್ದರೆ, ತಾಯಿ, ನನ್ನ ಹತ್ತಿರ ಸಂಕೋಚ ಬೇಡ.

ತಿಮ್ಮರಾಯಪ್ಪ

*

ಹರಿಯಬ್ಬೆ
28-3-1974

ಮಾನ್ಯರೇ,

ನಾನು ಮದುವೆಯಾಗಿಲ್ಲ. ಆಗುವ ಯೋಚನೆಯೂ ಇಲ್ಲ. ನಿಮ್ಮ ಊಹೆಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ.

ಅವಳು ನನ್ನ ಅಕ್ಕ. ಚಿತ್ತಮ್ಮ. ನಮ್ಮದು ಹೊಸದುರ್ಗದ ಕಡೆಯ ಹಟ್ಟಿ. ಅಪ್ಪ ಅವ್ವ ಬೇಗ ಹೋದರು. ನನ್ನನ್ನು ಕುರಿಮರಿ ಕಾಯಲು ಬಿಡಬೇಕೆಂದು ಚಿಕ್ಕಪ್ಪ ಅಂದಾಗ ಅಕ್ಕ, "ಅವ್ಳ ಪಾಲಿನ ಕುರೀನೂ ನಾನೇ ಕಾಯ್ತೀನಿ, ಅವ್ಳು ಓದ್ಲಿ" ಎಂದು ಹಟ ಹಿಡಿದು ಹೊಸದುರ್ಗದ ಹಾಸ್ಟೆಲಿಗೆ ಸೇರಿಸಿದಳು. ಅವಳನ್ನು ಈ ಹಟ್ಟಿಗೆ ಕೊಟ್ಟರು ಎಂದೇ ನಾನು ಹರಿಯಬ್ಬೆಯ ಬಾಲವಾಡಿ ಕೇಳಿ ಪಡೆದೆ. ಕಾರ್ಯಕರ್ತೆಯಾದವಳು ಸ್ವಂತದ ವಿಷಯ ಬೆರೆಸಬಾರದು ಎಂದು ಶಿಬಿರದಲ್ಲಿ ಕಲಿಸಿದ್ದರು. ಅದಕ್ಕೇ ಹೆಸರು ಬರೆಯಲಿಲ್ಲ.

ಈಗ ಸಂತೋಷದ ಸುದ್ದಿ. ನೀವು ಜಾಗ ಕೊಡು ಎಂದಿರಿ, ನಾನು ಕೊಟ್ಟೆ. ಎಷ್ಟೋ ದಿನ ಪಕ್ಕ ಕುಳಿತು ಕುಳಿತು ನನಗೆ ಒಂದು ವಿಚಾರ ಹೊಳೆಯಿತು: ಹೆಸರೇ ಇಲ್ಲದ್ದಕ್ಕೆ ಅಳುವುದು ಹೇಗೆ? ಯುಗಾದಿಯ ದಿನ ಹಟ್ಟಿಯವರೆಲ್ಲ ಎಣ್ಣೆ ನೀರಿನ ಗಡಿಬಿಡಿಯಲ್ಲಿದ್ದಾಗ ಅಕ್ಕನನ್ನು ಗುಡ್ಲಿನ ಹಿಂದಿನ ತಂಗಡಿ ಗಿಡದ ಬಳಿ, ಕೂಸನ್ನು ಹೂತ ಕಡೆ, ಕರೆದುಕೊಂಡು ಹೋದೆ. "ಅಕ್ಕಾ, ಈಕೆಗೆ ಹೆಸರಿಡಾಣ" ಎಂದೆ. ಅಕ್ಕ ಗಾಬರಿಯಾಗಿ ನೋಡಿದಳು. "ಒಳಕ್ಕೆ ಬರ್ದೆ ಹೆಸರಿಡಂಗಿಲ್ಲ ಕಣೇ." "ಯಾರು ಹೇಳಿದ್ದು? ಇಗಾ, ನಾನು ಇಟ್ಟೆ. ಇವಳ ಹೆಸರು ಸಮತಾ" ಎಂದು ಕೂಗಿ ಹೇಳಿದೆ. ಅರ್ಥವನ್ನೂ ಹೇಳಿದೆ, ಎಲ್ಲರೂ ಸಮ ಎಂದು. ಅಕ್ಕ ನಿಧಾನಕ್ಕೆ ಅದನ್ನು ತುಟಿಯ ಮೇಲೆ ಹೊರಳಿಸಿ 'ಸಮತಿ' ಎಂದಳು. ಆಮೇಲೆ ನೆಲಕ್ಕೆ ಕುಸಿದು ಅತ್ತಳು ನೋಡಿ, ಬೇಲಿಯ ಬಳಿ ಹೆಂಗಸರೆಲ್ಲ ಓಡಿ ಬಂದರು.

ನಿಮ್ಮ ಪದ್ಧತಿ ಗೆದ್ದಿತು. ಇದನ್ನೊಂದು ವರದಿಯಾಗಿ ಬರೆದು ಬೇರೆ ಹಟ್ಟಿಗಳಿಗೂ ತಲುಪಿಸಬೇಕು. ನೀವು ಮುನ್ನುಡಿ ಬರೆದುಕೊಡಬೇಕು.

ಓಬಮ್ಮ

*

ಹೊಳಲ್ಕೆರೆ
6-4-1974

ಓಬಮ್ಮ,

ಇನ್ನೂ ಇಲ್ಲೇ ಇದ್ದೇನೆ. ಆತುರದಲ್ಲಿ ಬರೆಯುತ್ತಿದ್ದೇನೆ.

ಅಕ್ಕ ಅತ್ತದ್ದು ಒಳ್ಳೆಯದು. ಆದರೆ ಗೆದ್ದಿತು ಎನ್ನಬೇಡ, ವರದಿ ಬೇಡ. ಆ ಹೆಸರು ಯಾರದು? ನಿನ್ನ ಅಕ್ಕನದೋ, ನಿನ್ನ ಹೊತ್ತಗೆಗಳದೋ? ಏನೂ ಮಾಡಬೇಡ ಎಂದು ಬರೆದಿದ್ದೆ. ನೀನು ಬಹಳ ಮಾಡಿದ್ದೀಯ.

ಮೇ ತಿಂಗಳ ಮೊದಲ ಭಾನುವಾರ ಹಿರಿಯೂರಿಗೆ ಬರುತ್ತೇನೆ. ಅಷ್ಟರೊಳಗೆ ಇಲ್ಲಿನ ಕೆಲಸ ಒಂದು ದಡ ಮುಟ್ಟಬೇಕು. ನಿನ್ನ ಅಕ್ಕನನ್ನು ನೋಡಿ ಮಾತಾಡೋಣ.

ತಿಮ್ಮರಾಯಪ್ಪ

*

ಹರಿಯಬ್ಬೆ
22-4-1974

ಮಾನ್ಯರೇ,

ಹಟ್ಟಿಯ ಕೂಸಿಗೆ ಅಷ್ಟು ಒಳ್ಳೆಯ ಹೆಸರು ಹೆಚ್ಚಾಯಿತು ಎಂದು ನಿಮಗೂ ಅನ್ನಿಸಿತೇ? ಪಟ್ಟಣದ ಮಕ್ಕಳಿಗೆ ಮಾತ್ರ ಅರ್ಥವಿರುವ ಹೆಸರು, ನಮ್ಮವಕ್ಕೆ ತಿಪ್ಪ, ಕಲ್ಲ, ಹುಚ್ಚ. ಹೀಗೆಂದು ಉದ್ದವಾಗಿ ಒಂದು ಉತ್ತರ ಬರೆದಿಟ್ಟಿದ್ದೆ. ಅದನ್ನು ಕಳಿಸುತ್ತಿಲ್ಲ. ವಿಷಯ ಬೇರೆಯಾಗಿದೆ.

ಅಕ್ಕ ಗುಡ್ಲಿಗೆ ಹೊರಟುಹೋಗಿದ್ದಾಳೆ. ಒಂದು ಬೆಳಿಗ್ಗೆ ಬೀಸುತ್ತಿದ್ದವಳು ಎದ್ದು, ಕಂಬಳಿ ಹೆಗಲಿಗೆ ಹಾಕಿಕೊಂಡು ಬೇಲಿ ದಾಟಿದಳಂತೆ. ನಾನು ಓಡಿ ಹೋದೆ. ಗುಡ್ಲಿನ ನೆಲ ಸಾರಿಸಿ ಕುಳಿತಿದ್ದಳು. "ಬಾ ಅಕ್ಕ, ಮನೀಗೆ ಹೋಗಾಣ" ಎಂದರೆ ನನ್ನನ್ನು ಚಿಕ್ಕ ಮಗುವನ್ನು ನೋಡುವಂತೆ ನೋಡಿದಳು.

"ಹೆಸರಿಲ್ದಾಗ ಅದು ಬಾರದ ಕೂಸು. ಬಿಟ್ಟು ಒಳಕ್ಕೋದೆ. ಈಗ ಹೆಸರೈತೆ. ಹೆಸರಿರೋ ಕೂಸನ್ನ ಹೊರಗೆ ಒಂಟಿ ಬಿಟ್ಟು ತಾಯಿ ಒಳಗಿರ್ತಾಳೇನೇ? ಇವ್ಳನ್ನ ಒಳಕ್ಕೆ ಕರ್ಕಂಡ್ರೆ ನಾನೂ ಬರ್ತೀನಿ."

ಈಗ ಮತ್ತೆ ಸೂತಕ. ಯಾರೂ ಮುಟ್ಟುವುದಿಲ್ಲ. ಮುದ್ದಕ್ಕ ಮುದ್ದೆ ತಂದು ದೂರದ ಕಲ್ಲಿನ ಮೇಲಿಟ್ಟು, "ಉಣ್ಣೇ" ಎಂದು ಕೂಗಿ ತಿರುಗಿ ನೋಡದೆ ಹೋಗುತ್ತಾಳೆ. ಅದರಲ್ಲಿ ಅರ್ಧ ಕಾಗೆಗೆ. ಕಾಟಯ್ಯನದು ಒಂದೇ ಮಾತು: 'ನನಗೆ ಕೂಸಿಲ್ಲ' ಅಂತ ಹೇಳಿ ನೀರು ಹಾಕಿಕೊಂಡರೆ ಒಳಗೆ. ಅಕ್ಕ ಒಮ್ಮೆ ಹೇಳಿದ್ದಳು; ಈಗ ಹೇಳಲಾರಳು. ಹೇಳಲಾಗದಂತೆ ಮಾಡಿದ್ದು ಯಾರೆಂದು ನೀವು ಬರೆಯಬೇಕಿಲ್ಲ. ಎತ್ತಪ್ಪನಿಗೆ ಎರಡನೇ ಹೆಣ್ಣು ಕೇಳಲು ಆಗಲೇ ಜನ ಹೋಗಿದ್ದಾರೆ.

ಬನ್ನಿ. ಭಾನುವಾರ ಹಿರಿಯೂರು ಬಸ್ ನಿಲ್ದಾಣದಲ್ಲಿ ಕಾಯುತ್ತೇನೆ.

ಓಬಮ್ಮ

*

ಹರಿಯಬ್ಬೆ
7-5-1974

ತಿಮ್ಮರಾಯಪ್ಪನವರೇ,

ನೀವು ಬರಲಿಲ್ಲ.

ಮೊದಲ ಬಸ್ಸಿನಿಂದ ಕಡೆಯ ಬಸ್ಸಿನ ತನಕ ನಿಂತಿದ್ದೆ. ಒಬ್ಬ ಕಂಡಕ್ಟರ್, "ಯಾರಿಗಮ್ಮಾ ಕಾಯ್ತೀಯ, ಗಂಡಿನ ಕಡೇರು ಬರ್ತಾರಾ?" ಎಂದು ಹಲ್ಲು ಕಿರಿದ. ಹೂಂ ಎಂದೆ. ಸಂಜೆ ಅವನೇ ತಿರುಗಿ ಬಂದು, "ಒಪ್ಲಿಲ್ಲ ಅಂತ ಕಾಣ್ತದೆ, ಮನೀಗೆ ಹೋಗು ತಾಯಿ" ಎಂದ. ಅವನ ದನಿಯಲ್ಲಿ ಮರುಕವಿತ್ತು. ನಿಮ್ಮಿಂದ ಒಂದು ಸಾಲೂ ಇಲ್ಲ.

ಈಗ ಅರ್ಥವಾಯಿತು. ನೋವಿಗೆ ಜಾಗ ಕೊಡಿ ಎಂಬ ಉಪದೇಶ ಫ್ಯಾನಿನ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತವರದು. ಎದುರಿನವರು ಎದ್ದು ಹೋದರೆ ಅವರ ನೋವೂ ಅವರ ಜೊತೆ ಎದ್ದು ಹೋಗುತ್ತದೆ; ನಿಮ್ಮ ಕೋಣೆ ಮತ್ತೆ ಖಾಲಿ, ಚೊಕ್ಕಟ. ಏನೂ ಮಾಡಬೇಡ ಎಂದಿರಿ. ನೀವಂತೂ ಅದನ್ನು ಚಾಚೂ ತಪ್ಪದೆ ಪಾಲಿಸುತ್ತೀರಿ. ನಿಮ್ಮ ಬದುಕಿನಲ್ಲಿ ಎಂದಾದರೂ ಏನಾದರೂ ಕಳೆದುಹೋಗಿದೆಯೇ? ಹೋಗಿದ್ದರೆ ಹೀಗೆ ಬರೆಯುತ್ತಿರಲಿಲ್ಲ.

ಅಕ್ಕ ಒಣಗಿ ಕಡ್ಡಿಯಾಗಿದ್ದಾಳೆ. ಈ ಪತ್ರಕ್ಕೆ ಉತ್ತರ ಬೇಡ.

ಓಬಮ್ಮ

*

ಹೊಳಲ್ಕೆರೆ
2-6-1974

ತಂಗಿ ಓಬಮ್ಮನಿಗೆ,

ಉತ್ತರ ಬೇಡ ಎಂದಿದ್ದೀಯ. ಆದರೂ ಬರೆಯುತ್ತೇನೆ, ಸಿಟ್ಟಿನಿಂದಲ್ಲ.

ನಿನ್ನ ಪತ್ರ ಬಂದಾಗ ಮನೆ ತುಂಬ ಜನರಿದ್ದರು. ಹೊಳಲ್ಕೆರೆ ನನ್ನ ಹೆಂಡತಿ ಮಲ್ಲಕ್ಕನ ತೌರು. ಕೆಲಸ ಎಂದು ನಾನು ಬರೆದದ್ದು ಅವಳ ಹಾಸಿಗೆಯ ಪಕ್ಕ ಕೂರುವ ಕೆಲಸ. ಹೊಟ್ಟೆಯಲ್ಲಿ ಗಡ್ಡೆ. ತೌರಿನಲ್ಲೇ ಇರುತ್ತೇನೆ ಎಂದಳು, ಕರೆತಂದೆ. ನೀನು ಬಸ್ ನಿಲ್ದಾಣದಲ್ಲಿ ನಿಂತಿದ್ದ ಭಾನುವಾರ ಬೆಳಿಗ್ಗೆ ನಾನು ಅಂಗಿ ಹಾಕಿಕೊಂಡು ಚೀಲ ಹಿಡಿದು ಬಾಗಿಲ ತನಕ ಬಂದಿದ್ದೆ. ಅವಳ ಉಸಿರು ಬೇರೆ ಥರ ಕೇಳಿಸಿತು. ಚೀಲ ಕೆಳಗಿಟ್ಟೆ. ಮಂಗಳವಾರ ಹೋದಳು.

ನಿನಗೆ ಯಾಕೆ ಹೇಳಲಿಲ್ಲ? ಸಹಾಯ ಕೇಳಿದವಳ ಮೇಲೆ ನನ್ನ ಹೊರೆ ಹಾಕಬಾರದು ಎಂದು ಅಂದುಕೊಂಡಿದ್ದೆ. ಅದು ಸುಳ್ಳು. ಬರೆದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ಮಲ್ಲಕ್ಕನಿಗೆ ಇದು ಗೊತ್ತಿತ್ತು. "ಊರೋರಿಗೆಲ್ಲ ನೋವಿಗೆ ಜಾಗ ಕೊಡ್ರಿ ಅಂತೀರ. ನನ್ ಮುಂದೆ ಕುಂತ್ಕಂಡ್ರೆ ಗಡಿಯಾರ ನೋಡ್ತೀರಲ್ರಿ" ಎಂದು ನಕ್ಕಳು. ನಕ್ಕರೆ ನೋಯುತ್ತಿತ್ತು, ಆದರೂ ನಕ್ಕಳು.

ನೋವು ಕಡಿಮೆಯಾಗುತ್ತದೆ ಎಂದು ನಾನು ಯಾರಿಗೂ ಹೇಳಿದವನಲ್ಲ, ಓಬಮ್ಮ. ಆದರೆ ಒಳಗೊಳಗೇ ನಂಬಿದ್ದೆ. ಜಾಗ ಕೊಟ್ಟರೆ ಅದು ಒಂದು ದಿನ ಕೃತಜ್ಞತೆಯಿಂದ ಎದ್ದು ಹೋಗುತ್ತದೆ ಎಂದು. ಅದು ಹೋಗಿಲ್ಲ. ನನ್ನ ಜೊತೆ ಉಣ್ಣುತ್ತದೆ, ನನ್ನ ಜೊತೆ ಬಾವಿಗೆ ಬರುತ್ತದೆ. ಜಗಳವಾಡುವ ಶಕ್ತಿ ನನ್ನಲ್ಲಿ ಇಲ್ಲವಾದ್ದರಿಂದ ಸುಮ್ಮನೆ ಜೊತೆಗಿದ್ದೇವೆ. ಪದ್ಧತಿ ಎಂದರೆ ಇಷ್ಟೇ ಇರಬಹುದು.

ನಿನ್ನ ಅಕ್ಕನಿಗೆ ಏನು ಮಾಡಬೇಕು ಎಂದು ನನಗೆ ತಿಳಿಯದು. ಇಟ್ಟ ಹೆಸರನ್ನು ಹಿಂದಕ್ಕೆ ಪಡೆಯಲು ಹೋಗಬೇಡ. ಅವಳನ್ನು ಎಳೆದು ತರಬೇಡ. ಹೋಗಿ ಜೊತೆಗಿರು, ಬರಿಗೈಯಲ್ಲಿ.

ತಿಮ್ಮರಾಯಪ್ಪ

*

ಹರಿಯಬ್ಬೆ
12-6-1974

ಅಣ್ಣನವರಿಗೆ,

ನಾನು ಬರೆದ ಆ ಪತ್ರವನ್ನು ಸುಟ್ಟುಬಿಡಿ ಎಂದು ಕೇಳುವ ಮುಖವೂ ನನಗಿಲ್ಲ. ಮಲ್ಲಕ್ಕನವರನ್ನು ನಾನು ನೋಡಲಿಲ್ಲ. ಅವರು ನಕ್ಕದ್ದನ್ನು ಓದಿ, ನೋಡಿದ ಹಾಗೆಯೇ ಆಯಿತು. ಕ್ಷೇಮ ಸಮಾಚಾರ ಬರೆಯುವುದಿಲ್ಲ ಎಂದು ಜಂಬದಿಂದ ಶುರು ಮಾಡಿದವಳು ನಾನು. ಈಗ ಕೇಳುತ್ತೇನೆ: ಊಟ ಮಾಡುತ್ತಿದ್ದೀರಾ? ಯಾರು ಅಡುಗೆ ಮಾಡುತ್ತಾರೆ?

ಮಳೆ ಬಿದ್ದಿದೆ, ಗುಡ್ಲು ಸೋರುತ್ತದೆ. ಬಾಲವಾಡಿಗೆ ಬೇಸಿಗೆ ರಜೆಯಿತ್ತು. ಹಗಲೆಲ್ಲ ಅಕ್ಕನ ಜೊತೆ ಗುಡ್ಲಿನಲ್ಲೇ ಇದ್ದೆ. ಅವಳನ್ನು ಮುಟ್ಟಿದ್ದರಿಂದ ನನಗೂ ಹಟ್ಟಿಯೊಳಗೆ ಪ್ರವೇಶವಿಲ್ಲ. ಮಾತಾಡುವುದಿಲ್ಲ ಇಬ್ಬರೂ. ನನಗೆ ಅದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತು. ಬಾಯಿಗೆ ಬಂದ ಘೋಷಣೆಗಳನ್ನೆಲ್ಲ ನುಂಗುತ್ತೇನೆ.

ಕುರಿಗಳು ಹಿರಿಯೂರು ದಾಟಿವೆಯಂತೆ. ಎತ್ತಪ್ಪ ಬಂದ ಕೂಡಲೇ ಕಾಟಯ್ಯ ಹಿರಿಯರನ್ನು ಕೂರಿಸುತ್ತಾನೆ. ಅಕ್ಕ ಒಳಗೆ ಬರದಿದ್ದರೆ ಆ ಕೂಟದಲ್ಲೇ ಹೊಸ ಹೆಣ್ಣಿನ ಮಾತು ಮುಗಿಸುತ್ತಾರೆ. ಆಮೇಲೆ ಅಕ್ಕನಿಗೆ ಗುಡ್ಲೇ ಮನೆ.

ಓಬಮ್ಮ

*

ಹರಿಯಬ್ಬೆ
27-6-1974

ಅಣ್ಣನವರಿಗೆ,

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಎತ್ತಪ್ಪ ಸೋಮವಾರ ಬಂದ. ಕುರಿ ರೊಪ್ಪಕ್ಕೆ ಕೂಡಿ, ಕಂಬಳಿ ಹೊದ್ದುಕೊಂಡೇ ಬೇಲಿಯ ಬಳಿ ಬಂದು ನಿಂತ. ಅಕ್ಕ ತಲೆ ಎತ್ತಲಿಲ್ಲ. ಹಿರಿಯರು ಬೇಲಿಯ ಒಳಮಗ್ಗುಲಲ್ಲೇ ಕುಳಿತರು. "ನೀನೇನಂತೀಯಪ್ಪ?" ಎಂದು ಕಾಟಯ್ಯ ಕೇಳಿದ್ದಕ್ಕೆ ಎತ್ತಪ್ಪ, "ನಾನೇನ್ ಹೇಳ್ಲಿ. ನಾನು ಕೂಸಿನ ಮುಖಾನೇ ನೋಡಿಲ್ಲ" ಎಂದ. ಅಷ್ಟು ಹೇಳಿ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ.

"ಚಿತ್ತಮ್ಮ, ಒಂದೇ ಮಾತು. ಕೂಸಿಲ್ಲ ಅನ್ನು. ನೀರು ಹಾಕ್ಕಂಡು ಬಾರವ್ವ" ಎಂದು ಕಾಟಯ್ಯ ಕೂಗಿದ. ಅಕ್ಕ ಕೇಳಿಸದವಳಂತೆ ಕುಳಿತಿದ್ದಳು. "ಹಂಗಾರೆ ಮುಗೀತು" ಎಂದ.

ಆಗ ಮುದ್ದಕ್ಕ ಮುದ್ದೆಯ ತಟ್ಟೆ ಹಿಡಿದು ಎದ್ದಳು. ಎಂದಿನಂತೆ ಕಲ್ಲಿನ ಮೇಲೆ ಇಟ್ಟು ಹೋಗುತ್ತಾಳೆ ಅಂದುಕೊಂಡೆ. ಕಲ್ಲು ದಾಟಿದಳು. ಯಾರೋ, "ಯವ್ವಾ, ಎಲ್ಲಿಗೆ?" ಎಂದರು. ಬಗ್ಗಿ ಗುಡ್ಲಿನೊಳಗೆ ಬಂದು, "ಸರ್ಕಳೇ" ಎಂದು ಅಕ್ಕನನ್ನು ಮೊಣಕಾಲಿನಿಂದ ತಳ್ಳಿ ಕುಳಿತಳು. ತಟ್ಟೆಯನ್ನು ಅಕ್ಕನ ತೊಡೆಯ ಮೇಲಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಲೇ ಓಬಿ. ನಂದಕ್ಕೂ ಒಂದಿಡು."

"ಯಾವ್ದಕ್ಕೆ?"

"ಹೆಸ್ರು ಕಣೇ. ಇವ್ಳ ಕೂಸಿಗೆ ಇಟ್ಟಂಗೆ. ನಂದೂ ಇಲ್ಲೇ ಹೋಗಿದ್ದು. ಎತ್ತಪ್ಪನಿಗಿಂತ ಮೊದ್ಲಿಂದು, ಗಂಡ್ಕೂಸು. ನಾನೂ ಕೂಸಿಲ್ಲ ಅಂತಂದು ನೀರು ಹಾಕ್ಕಂಡು ಒಳಕ್ಕೋದೋಳೇ. ಓದಿದೋಳಲ್ವ ನೀನು. ಇಡು."

ಅಣ್ಣ, ನನ್ನ ಬಾಯಿಗೆ ಒಂದು ಹೆಸರೂ ಬರಲಿಲ್ಲ. ಸ್ವಾತಂತ್ರ್ಯ, ವಿಮೋಚನೆ, ಪ್ರಗತಿ, ಹೊತ್ತಗೆಗಳ ರಟ್ಟಿನ ಮೇಲಿನ ಮಾತುಗಳೆಲ್ಲ ಸಾಲಾಗಿ ಬಂದು ನಾಚಿಕೆಯಿಂದ ತಿರುಗಿ ಹೋದವು. ಆ ಮುದುಕಿ ಮುಖ ಎತ್ತಿ ಕಾಯುತ್ತಿದ್ದಳು.

ಅಕ್ಕನೇ ಮಾತಾಡಿದಳು. ಎಷ್ಟೋ ವಾರದ ಮೇಲೆ. "ಅತ್ತೆ, ನೀನು ಏನಂತ ಕರೀತಿದ್ದೆ ಅದನ್ನ?"

"ಕರಿಯೋದೇನು ಬಂತು. ಹೆಸ್ರೇ ಇಟ್ಟಿಲ್ವಲ್ಲ."

"ಇಬ್ರೇ ಇದ್ದಾಗ. ಹಾಲು ಕುಡಿಸ್ತಾ."

ಮುದ್ದಕ್ಕನ ಬಾಯಿ ಸುಮ್ಮನೆ ಅಲುಗಾಡಿತು. "ಜುಂಜ" ಎಂದಳು. ಮತ್ತೆ, "ಜುಂಜಾ ಅಂತಿದ್ದೆ. ಯಾರ್ಗೂ ಹೇಳಿಲ್ಲ ಕಣೇ, ಅವ್ರಪ್ಪನಿಗೂ." ಅಕ್ಕನ ಎಡಗೈ ಹಿಡಿದು ಕೇಳಿದಳು, "ನೀನು?"

ಅಕ್ಕ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನಿಂದ ಮುಖ ತಿರುಗಿಸಿ ಅತ್ತೆಯ ಕಿವಿಗೆ ಬಾಯಿಟ್ಟು ಹೇಳಿದಳು. ಸಮತಾ ಎಂಬುದು ಹಟ್ಟಿಗೆಲ್ಲ ಗೊತ್ತಿದ್ದ ಹೆಸರು, ಅದನ್ನು ಕಿವಿಯಲ್ಲಿ ಹೇಳಬೇಕಿರಲಿಲ್ಲ. ಅವಳಲ್ಲಿ ಆಗಲೇ ಒಂದು ಹೆಸರಿತ್ತು. ಕೂಸು ಉಸಿರಾಡುತ್ತಿದ್ದಾಗ ಇಟ್ಟದ್ದು. ನಾನು ಯುಗಾದಿಯ ದಿನ ಅದರ ಮೇಲೆ ನನ್ನದನ್ನು ಹೇರಿದೆ. ಎಲ್ಲಿ ನೋಯುತ್ತದೆ ಎಂದು ಕೇಳಿದವಳು ಇದೊಂದನ್ನು ಕೇಳಲೇ ಇಲ್ಲ.

ಮುದುಕಿ ಅದನ್ನು ಕೇಳಿ ಗೋಳೋ ಎಂದಳು. ಅವಳ ಎದೆಯಿಂದ ಹೊರಟದ್ದು ಇಂದಿನ ಅಳುವಲ್ಲ. ಕೂತ ಹಿರಿಯರು ಎದ್ದು ನಿಂತರು. ಅಕ್ಕ ತಟ್ಟೆ ಬದಿಗಿಟ್ಟು ಅತ್ತೆಯ ತಲೆಯನ್ನು ಎಡಗೈಯ ಮೇಲೆ ಮಲಗಿಸಿಕೊಂಡಳು.

ಆಮೇಲೆ ಇಬ್ಬರೂ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ ಬೇಲಿಯ ಬಾಗಿಲಿಗೆ ಬಂದರು. ಅಕ್ಕನಿಗೆ ನಡೆಯಲು ತ್ರಾಣವಿರಲಿಲ್ಲ, ಅಳುವಿನಲ್ಲಿ ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಕಾಟಯ್ಯ ಅಡ್ಡ ನಿಂತು, "ಮಾತು ಹೇಳ್ಬೇಕಲ್ಲವ್ವ" ಎಂದ.

"ಏನ್ ಹೇಳ್ಸ್ತೀಯೋ ಕಾಟಯ್ಯ? ನಿನ್ ಹೊಕ್ಕಳು ಕುಯ್ದೋಳು ನಾನು. ನಂಗೂ ಕೂಸಾಗಿತ್ತು, ಇವ್ಳಿಗೂ ಕೂಸಾಗಿತ್ತು. ಸತ್ತವು. ದಾರಿ ಬಿಡು, ಚಳಿ ಆಗ್ತೈತೆ."

ಅವನು ಬಿಟ್ಟ. ಎತ್ತಪ್ಪ ತನ್ನ ಕಂಬಳಿ ತೆಗೆದು ಅಕ್ಕನಿಗೆ ಹೊದಿಸಿದ.

ನಾನೂ ಹಿಂದೆ ಹೊರಟೆ. ಬಾಗಿಲಲ್ಲಿ ಅಕ್ಕ ತಿರುಗಿ, "ನೀನು ಸದ್ಯಕ್ಕೆ ಬರಬ್ಯಾಡ ಓಬಿ" ಎಂದಳು. "ನಿನ್ನ ನೋಡಿದ್ರೆ ಆ ಇನ್ನೊಂದ್ ಹೆಸ್ರು ಕೇಳ್ತೈತೆ."

ಗುಡ್ಲು ಇನ್ನೂ ನಿಂತಿದೆ. ಮುಂದಿನ ಬಸುರಿಯೂ ಅಲ್ಲಿಗೇ ಹೋಗಬೇಕು. ಅದನ್ನು ನಾನು ಬಿಡುವವಳಲ್ಲ, ತಹಶೀಲ್ದಾರರ ತನಕ ಹೋಗುತ್ತೇನೆ. ಆದರೆ ಅಕ್ಕನ ಮಾತಿಗೆ ಯಾವ ಕಚೇರಿಗೆ ಅರ್ಜಿ ಹಾಕಲಿ?

ಓಬಮ್ಮ

*

ಚಿತ್ರದುರ್ಗ
9-7-1974

ತಂಗಿ ಓಬಮ್ಮನಿಗೆ,

ಮತ್ತೆ ಕೆಲಸಕ್ಕೆ ಬಂದಿದ್ದೇನೆ. ಅಡುಗೆ ನಾನೇ ಮಾಡಿಕೊಳ್ಳುತ್ತೇನೆ, ಸಾರಿಗೆ ಉಪ್ಪು ಎರಡು ಸಲ ಬೀಳುತ್ತದೆ.

ಬರಬೇಡ ಎಂದು ಅಕ್ಕ ಹೇಳಿದ್ದಾಳೆ. ಹೋಗಬೇಡ. ಯಾರ ಕೈಯಲ್ಲೂ ಹೇಳಿ ಕಳಿಸಬೇಡ, ಕಾರಣ ವಿವರಿಸಿ ಪತ್ರ ಬರೆಯಬೇಡ. ಅವಳು ಯಾವಾಗ ಕರೆಯುತ್ತಾಳೆ ಎಂದು ನನ್ನನ್ನು ಕೇಳಬೇಡ, ಕರೆಯದೆಯೂ ಇರಬಹುದು. ಇದಕ್ಕೆ ನನ್ನಲ್ಲಿ ಉಪಾಯವಿಲ್ಲ. ಇದು ನಿನ್ನದು.

ಬೇಕಾದಾಗ ನನಗೆ ಬರೆ. ಓದುತ್ತೇನೆ.

ತಿಮ್ಮರಾಯಪ್ಪ

*

ಹರಿಯಬ್ಬೆ
4-8-1974

ಅಣ್ಣನವರಿಗೆ,

ಅಕ್ಕ ಈಗ ಕುರಿಯ ಜೊತೆ ಹೋಗುತ್ತಾಳೆ. ಊಟ ಮಾಡುತ್ತಾಳಂತೆ. ಮುದ್ದಕ್ಕನೂ ಕೋಲೂರಿಕೊಂಡು ಒಂದಷ್ಟು ದೂರ ಹಿಂದೆ ಹೋಗಿ, ಗುಡ್ಲಿನ ಹಿಂದೆ ತಂಗಡಿ ಗಿಡದ ಬಳಿ ಕುಳಿತು ಬರುತ್ತಾಳಂತೆ. ಹೊಸ ಹೆಣ್ಣಿನ ಮಾತು ಯಾರೂ ಆಡುತ್ತಿಲ್ಲ. ಇದೆಲ್ಲ ಬೇರೆಯವರ ಬಾಯಿಂದ ಕೇಳಿದ್ದು.

ಮೊನ್ನೆ ಅವಳ ಮಂದೆ ಬಾಲವಾಡಿಯ ಎದುರಿನ ಬೀಳಿನಲ್ಲಿ ಹಾದುಹೋಯಿತು. ಬಾಗಿಲಲ್ಲಿ ನಿಂತು ನೋಡಿದೆ. ಅವಳ ತುಟಿ ಅಲುಗುತ್ತಿತ್ತು. ಏನೋ ಒಂದನ್ನೇ ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದಳು. ನಾಲ್ಕು ಹೆಜ್ಜೆ ಹೋಗಿದ್ದರೆ ಕೇಳಿಸುತ್ತಿತ್ತು. ಹೋಗಲಿಲ್ಲ. ಅವಳು ನನ್ನ ಕಡೆ ನೋಡಿದಳೋ ಇಲ್ಲವೋ ಗೊತ್ತಾಗಲಿಲ್ಲ. ಮಂದೆಯ ಧೂಳು ಅಡಗುವ ತನಕ ಅಲ್ಲೇ ನಿಂತಿದ್ದೆ.

ಒಳಗೆ ಬಂದಾಗ ಒಂದು ಹುಡುಗಿ, "ಟೀಚರ್, ಯಾಕೆ ಅಳ್ತೀರಿ? ಬಿದ್ರಾ?" ಎಂದು ಕೇಳಿತು.

"ಇಲ್ಲ. ನೋಯ್ತೈತೆ" ಎಂದೆ.

ಅದು ಸರಿ ಎನ್ನುವಂತೆ ತಲೆಯಾಡಿಸಿ ತನ್ನ ಜಾಗಕ್ಕೆ ಹೋಗಿ ಕುಳಿತಿತು. ಕಣ್ಣು ಒರೆಸಿಕೊಳ್ಳದೆ ಹಾಜರಿ ಕರೆದೆ. ತಿಪ್ಪ, ಕಲ್ಲ, ಹುಚ್ಚ, ಒಂದೊಂದೇ ಹೆಸರು. ಒಂದೊಂದಕ್ಕೂ ಒಂದು ಪುಟ್ಟ ಕೈ ಮೇಲೆದ್ದಿತು.

ಓಬಮ್ಮ